ಕ್ಷಾರ, ಖಾರ ಮತ್ತು ಕತ್ತಿಯ ಅಲಗು: ಹತ್ತನೆಯ ತರಗತಿಯ ಆಮ್ಲ–ಪ್ರತ್ಯಾಮ್ಲ ಪಾಠದ ಒಂದು ಪ್ರಕರಣ

ಉತ್ತರಪತ್ರಿಕೆಗಳು

ಉಡುಪಿಯಿಂದ ಪೂರ್ವಕ್ಕೆ, ಹಿರಿಯಡಕವನ್ನು ದಾಟಿದ ಮೇಲೆ ಸಿಗುವ ಅಡಿಕೆ ತೋಟಗಳ ಊರೊಂದರ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಜೂನ್ ತಿಂಗಳ ಕೊನೆಯ ವಾರ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠವನ್ನು ಮುಗಿಸಿ, ಮರುದಿನವೇ ಹತ್ತನೆಯ ತರಗತಿಯ 31 ಮಕ್ಕಳಿಗೆ 20 ಅಂಕಗಳ ಕಿರುಪರೀಕ್ಷೆಯೊಂದನ್ನು ಕೊಟ್ಟೆ. ವ್ಯಾಖ್ಯೆಗಳನ್ನು ಬಹುತೇಕ ಎಲ್ಲರೂ ಸರಿಯಾಗಿ ಬರೆದಿದ್ದರು. ಹೈಡ್ರೋಕ್ಲೋರಿಕ್ ಆಮ್ಲವೂ ಸೋಡಿಯಂ ಹೈಡ್ರಾಕ್ಸೈಡೂ ಸೇರಿದಾಗ ಉಪ್ಪು ಮತ್ತು ನೀರು ಉಂಟಾಗುವ ಸಮೀಕರಣವನ್ನು ತಪ್ಪಿಲ್ಲದೆ ಸರಿದೂಗಿಸಿದ್ದರು. ಲಿಟ್ಮಸ್ ಯಾವುದರಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಕೋಷ್ಟಕ ಹಾಕಿ ತೋರಿಸಿದ್ದರು. ನೀರಿನಲ್ಲಿ ಕರಗುವ ಪ್ರತ್ಯಾಮ್ಲವನ್ನು ಕ್ಷಾರ ಎನ್ನುತ್ತೇವೆ. ಆದರೆ ‘ನಿಮ್ಮ ಮನೆಯಲ್ಲಿ ಸಿಗುವ ಎರಡು ಕ್ಷಾರಗಳನ್ನು ಹೆಸರಿಸಿ’ ಎಂಬ, ಅಂಕ ಸುಲಭವಾಗಿ ದಕ್ಕಲಿ ಎಂದೇ ಸೇರಿಸಿದ್ದ ಎರಡು ಅಂಕದ ಪ್ರಶ್ನೆಗೆ 11 ಮಕ್ಕಳು ‘ಮೆಣಸು’ ಎಂದು ಬರೆದಿದ್ದರು. ಮೆಣಸಿನ ಜೊತೆಗೆ ಕೆಲವರು ಶುಂಠಿಯನ್ನು, ಕೆಲವರು ಒಳ್ಳೆಮೆಣಸನ್ನು ಸೇರಿಸಿದ್ದರು. ನಾಲ್ವರ ಉತ್ತರ ಹಾಗಲಕಾಯಿಯಾಗಿತ್ತು.

ಮೊದಲ ಐದಾರು ಪತ್ರಿಕೆಗಳಲ್ಲಿ ಆ ಉತ್ತರವನ್ನು ಕೆಂಪು ಗೆರೆಯಿಂದ ಹೊಡೆದುಹಾಕಿ ಮುಂದೆ ಸಾಗಿದೆ. ಮಕ್ಕಳ ಗಮನ ಪಾಠದಲ್ಲಿ ಇರಲಿಲ್ಲ ಎಂಬುದಷ್ಟೇ ಆಗ ನನಗೆ ತೋರಿದ ಕಾರಣ. ಬಳಿಕ ಒಬ್ಬ ಹುಡುಗಿಯ ಪತ್ರಿಕೆ ಕೈಗೆ ಬಂತು. ಕೇಳದಿದ್ದರೂ ಅವಳು ಕಾರಣವನ್ನು ಬರೆದಿದ್ದಳು: ‘ಮೆಣಸು ಖಾರ ಇರುವುದರಿಂದ ಅದು ಕ್ಷಾರ.’ ಈ ಒಂದು ಸಾಲನ್ನು ಓದಿದ ಮೇಲೆ ಹಿಂದಿನ ಪತ್ರಿಕೆಗಳನ್ನು ಮತ್ತೆ ತೆರೆದು ನೋಡಬೇಕಾಯಿತು. ಅದು ಅಜಾಗರೂಕತೆಯ ಉತ್ತರವಾಗಿರಲಿಲ್ಲ. ಅದರ ಹಿಂದೆ ತರ್ಕವಿತ್ತು, ಆ ತರ್ಕಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿದ್ದು ನಮ್ಮ ಭಾಷೆ, ಮತ್ತು ಆ ಭಾಷೆಯನ್ನು ತರಗತಿಯಲ್ಲಿ ಬಿಡಿಸಿ ನೋಡದೆ ಮುಂದೆ ಹೋದವನು ನಾನು.

ಪದಗಳು ಹೊತ್ತು ತಂದದ್ದು

‘ಖಾರ’ ಎಂಬ ಪದ ಬಂದಿರುವುದು ‘ಕ್ಷಾರ’ದಿಂದಲೇ. ಸಂಸ್ಕೃತದ ಕ್ಷಾರ ಪ್ರಾಕೃತದಲ್ಲಿ ಖಾರವಾಗಿ, ಕನ್ನಡದ ಅಡುಗೆಮನೆಗೆ ಬಂದು ಮೆಣಸಿನ ಉರಿಗೆ ನಿಂತಿತು. ಆ ಹುಡುಗಿ ಅರಿಯದೆಯೇ ಹೇಳಿದ ವ್ಯುತ್ಪತ್ತಿ ಸರಿಯಾಗಿತ್ತು, ರಸಾಯನವಷ್ಟೇ ತಪ್ಪಿತ್ತು. ನನ್ನ ತರಗತಿಯ ಹೆಚ್ಚಿನ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವವರು. ಅವರಿಗೆ ಪುಸ್ತಕದ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಅಲ್ಲಿ ಎದುರಾಗುವ ಅಪರಿಚಿತ ಪದವನ್ನು ಪರಿಚಿತ ಪದವೊಂದರ ಪಕ್ಕದಲ್ಲಿ ಇಟ್ಟು ಅರ್ಥ ಮಾಡಿಕೊಳ್ಳುವುದು ಅವರ ಅಭ್ಯಾಸ, ಮತ್ತು ಅದು ಒಳ್ಳೆಯ ಅಭ್ಯಾಸವೇ. ಕ್ಷಾರದ ಪಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಖಾರ.

ಹಾಗಲಕಾಯಿಗೆ ಹೊಣೆ ನೇರವಾಗಿ ನನ್ನದು. ‘ಆಮ್ಲಗಳ ರುಚಿ ಹುಳಿ, ಪ್ರತ್ಯಾಮ್ಲಗಳ ರುಚಿ ಕಹಿ’ ಎಂದು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಇರುವ ವಾಕ್ಯವದು. ಮಕ್ಕಳು ಅದನ್ನು ತಿರುಗಿಸಿ ಓದಿಕೊಂಡರು: ಕಹಿಯಾದದ್ದೆಲ್ಲ ಪ್ರತ್ಯಾಮ್ಲ. ಹಾಗಲದ ಕಹಿಗೆ ಕಾರಣವಾದ ಸಂಯುಕ್ತಗಳಿಗೂ ಅದರ ರಸದ ಕ್ಷಾರೀಯತೆಗೂ ಸಂಬಂಧವಿಲ್ಲ. ಅಂಥ ಸಂಬಂಧವಿದೆ ಎಂದು ಮಕ್ಕಳು ಊಹಿಸಲು ನನ್ನ ವಾಕ್ಯವೇ ದಾರಿ ಮಾಡಿಕೊಟ್ಟಿತ್ತು. ಹುಳಿಯ ವಿಷಯದಲ್ಲಿ ರುಚಿ ನಂಬಬಹುದಾದ ಸಾಕ್ಷಿ. ಹುಣಸೆಯ ಟಾರ್ಟಾರಿಕ್ ಆಮ್ಲ, ಲಿಂಬೆಯ ಸಿಟ್ರಿಕ್ ಆಮ್ಲ, ಬಿಂಬುಳಿಯ ಆಕ್ಸಾಲಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ, ಇವೆಲ್ಲವನ್ನೂ ನಾಲಿಗೆ ಒಂದೇ ಹೆಸರಿನಿಂದ ಗುರುತಿಸುತ್ತದೆ. ಈ ಮಣ್ಣಿನಲ್ಲಿ ಬೆಳೆದ ಮಕ್ಕಳಿಗೆ ಪುನರ್ಪುಳಿ (ಕೋಕಂ), ಬಿಂಬುಳಿ, ಮಂತುಪುಳಿಗಳ ಹೆಸರಿನಲ್ಲೇ ‘ಪುಳಿ’, ಅಂದರೆ ಹುಳಿ, ಸೇರಿಕೊಂಡಿದೆ. ಪ್ರತ್ಯಾಮ್ಲಗಳಿಗೆ ಅಂಥ ಮನೆಯ ಹೆಸರಾಗಲಿ, ನೆಚ್ಚಬಹುದಾದ ರುಚಿಯಾಗಲಿ ಇಲ್ಲ. ಆಮ್ಲ ಅವರಿಗೆ ಅನುಭವದಿಂದ ಬಂದಿತು, ಪ್ರತ್ಯಾಮ್ಲ ಬರಿಯ ಮಾತಾಗಿ ಬಂದಿತು.

‘ಪ್ರತ್ಯಾಮ್ಲ’ ಎಂಬ ಪದದ್ದು ಇನ್ನೊಂದು ಬಗೆಯ ತೊಡಕು. ಆಮ್ಲಕ್ಕೆ ಪ್ರತಿಯಾದದ್ದು ಎಂಬ ಅದರ ರಚನೆಯಿಂದಾಗಿ ಆಮ್ಲವಲ್ಲದ್ದೆಲ್ಲ ಪ್ರತ್ಯಾಮ್ಲ ಎಂಬ ಭಾವನೆ ಹುಟ್ಟಿತ್ತು. ಸಕ್ಕರೆ ನೀರನ್ನೂ ತೆಂಗಿನೆಣ್ಣೆಯನ್ನೂ ಪ್ರತ್ಯಾಮ್ಲಗಳ ಸಾಲಿನಲ್ಲಿ ಬರೆದವರಿದ್ದರು.

ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ನಾನು ಅಂಕಗಳ ಮಾತನ್ನು ಎತ್ತಲಿಲ್ಲ. ಕ್ಷಾರ ಮತ್ತು ಖಾರ ಎಂಬ ಎರಡು ಪದಗಳನ್ನು ಅಕ್ಕಪಕ್ಕದಲ್ಲಿ ಬರೆದು ಅವುಗಳ ನಂಟನ್ನು ವಿವರಿಸಿದೆ. ಮೆಣಸಿನ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ಸಂಯುಕ್ತ. ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನೇ ಅದು ಕೆರಳಿಸುವುದರಿಂದ ಬಾಯಿ ಸುಟ್ಟಂತೆ ಅನ್ನಿಸುತ್ತದೆ. ಆ ಗ್ರಾಹಕವನ್ನು ಗುರುತಿಸಿದ ಕೆಲಸಕ್ಕಾಗಿ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇಷ್ಟನ್ನು ಹೇಳಿ, ಹಸಿಮೆಣಸನ್ನು ಅರೆದು ಸೋಸಿದ ನೀರಿನಲ್ಲಿ ಕೆಂಪು ಲಿಟ್ಮಸ್ ಅದ್ದಿ ತೋರಿಸಿದೆ. ಕ್ಷಾರವಾಗಿದ್ದರೆ ಕಾಗದ ನೀಲಿಯಾಗಬೇಕಿತ್ತು, ಆಗಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಪದಗಳ ಲೆಕ್ಕದಲ್ಲಿ ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು ಎಂದಾಗಬೇಕಲ್ಲ, ಹಾಗಾದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಎಲ್ಲಿದೆ ಎಂದು ಕೇಳಿದನು. ಇಷ್ಟು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಎದ್ದ ಅತ್ಯುತ್ತಮ ಪ್ರಶ್ನೆಗಳಲ್ಲಿ ಇದು ಒಂದು. ಎಲ್ಲ ಆಮ್ಲಗಳಲ್ಲಿಯೂ ಆಕ್ಸಿಜನ್ ಇರಲೇಬೇಕೆಂದು 18ನೆಯ ಶತಮಾನದಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ ನಂಬಿದ್ದರು, ಆ ನಂಬಿಕೆಯಿಂದಲೇ ಆ ಅನಿಲಕ್ಕೆ ಹೆಸರಿಟ್ಟರು, ಮತ್ತು ನಮ್ಮ ‘ಆಮ್ಲಜನಕ’ ಆ ಹೆಸರಿನ ಅರ್ಥವನ್ನೇ ಕನ್ನಡದಲ್ಲಿ ಹೇಳುತ್ತದೆ. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು ಎಂದು ಸ್ಥಾಪಿಸಿದಾಗ, ಈ ಆಮ್ಲದಲ್ಲಿ ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ ಇವೆಯೆಂಬುದು ತಿಳಿದು ಆ ನಂಬಿಕೆ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನುಗಳನ್ನು (ವಿದ್ಯುದಾವೇಶ ಹೊತ್ತ ಕಣಗಳನ್ನು) ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನುಗಳನ್ನು ಕೊಡುವುದು ಪ್ರತ್ಯಾಮ್ಲ ಎಂಬ, ನಾವು ಈಗ ಕಲಿಸುವ ವಿವರಣೆಗೆ ಅಡಿಪಾಯ ಹಾಕಿದ್ದು ಸ್ವಾಂಟೆ ಅರ್ಹೀನಿಯಸ್ ಅವರ 1884ರ ಮಹಾಪ್ರಬಂಧ. ಅದಕ್ಕೆ ಅವರ ವಿಶ್ವವಿದ್ಯಾಲಯ ತೀರ ಕಡಿಮೆ ದರ್ಜೆ ಕೊಟ್ಟಿತ್ತು, 1903ರಲ್ಲಿ ಅದೇ ಚಿಂತನೆಗೆ ನೊಬೆಲ್ ಬಂತು. ಲವಾಸಿಯೆಯಂಥವರೂ ಹೆಸರಿನಲ್ಲಿ ಎಡವಿದ್ದರೆಂದು ಕೇಳಿದ ಮೇಲೆ, ಮೆಣಸು ಬರೆದ ಮಕ್ಕಳು ತಮ್ಮ ಪತ್ರಿಕೆಗಳನ್ನು ಮಡಿಚಿ ಚೀಲದೊಳಗೆ ತುರುಕುವುದನ್ನು ಬಿಟ್ಟು ಮೇಜಿನ ಮೇಲೆ ಬಿಡಿಸಿಟ್ಟರು.

ಕುರ್ದಿ ನೀರು ಮತ್ತು ಪುನರ್ಪುಳಿ

ಪಾಠವನ್ನು ಮತ್ತೆ ಆರಂಭಿಸಬೇಕೆಂದು ನಿರ್ಧರಿಸಿದೆ. ಈ ಸಲ ಪ್ರತ್ಯಾಮ್ಲದಿಂದ ಆರಂಭಿಸುವುದು, ಮತ್ತು ವಸ್ತು ಕೈಗೆ ಬಂದ ಮೇಲಷ್ಟೇ ಪದವನ್ನು ಕೊಡುವುದು ಎಂದು ಗೊತ್ತುಮಾಡಿಕೊಂಡೆ. ಮನೆಯಲ್ಲಿ ಆರತಿಗೆ ಕುರ್ದಿ ನೀರನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದಾಗ, ಅರಿಶಿನದ ನೀರಿಗೆ ಸುಣ್ಣ ಸೇರಿಸುತ್ತಾರೆ ಎಂದು ಹಲವರು ಒಟ್ಟಿಗೆ ಹೇಳಿದರು. ಅದನ್ನೇ ಬೀಕರಿನಲ್ಲಿ ಮಾಡಿದೆವು. ಹಳದಿ ನೀರು ಕೆಂಪಾದಾಗ ಯಾರಿಗೂ ಅಚ್ಚರಿಯಾಗಲಿಲ್ಲ, ಅದು ಅವರು ಹುಟ್ಟಿದಾಗಿನಿಂದ ಕಂಡದ್ದು. ಆದರೆ ಆ ಕೆಂಪು ನೀರಿಗೆ ಲಿಂಬೆರಸವನ್ನು ಹನಿಹನಿಯಾಗಿ ಹಾಕಿ ಮತ್ತೆ ಹಳದಿಯಾದದ್ದನ್ನು ನೋಡಿದಾಗ ತರಗತಿ ಮುಂದಕ್ಕೆ ಬಾಗಿತು. ಆರತಿಯ ನೀರಿಗೆ ಲಿಂಬೆ ಹಿಂಡಿ ನೋಡಿದವರು ಅವರಲ್ಲಿ ಯಾರೂ ಇರಲಿಲ್ಲ. ಬಳಿಕ ಸುಣ್ಣದ ಬದಲು ಸಾಬೂನು ನೀರು, ಒಲೆಯ ಬೂದಿಯನ್ನು ಕಲಸಿ ಸೋಸಿದ ನೀರು, ಅಡುಗೆ ಸೋಡಾ ಕರಗಿಸಿದ ನೀರು ಇವುಗಳನ್ನು ಅರಿಶಿನದೊಂದಿಗೆ ಪರೀಕ್ಷಿಸಿದೆವು. ಸಕ್ಕರೆ ನೀರು, ಉಪ್ಪು ನೀರು ಮತ್ತು ಮೆಣಸಿನ ನೀರಿನಲ್ಲಿ ಅರಿಶಿನ ಹಳದಿಯಾಗಿಯೇ ಉಳಿಯಿತು. ಕೆಂಪಾಗಿಸಿದವುಗಳನ್ನು ಒಂದು ಕಡೆ ಇಟ್ಟ ಮೇಲೆ ‘ಇವು ಪ್ರತ್ಯಾಮ್ಲೀಯ’ ಎಂದೆ. ಸುಣ್ಣ, ಹಾಗೆಯೇ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟು, ಎರಡೂ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದವು. ಸುಣ್ಣ ಅಳಿವೆಯ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಮಾಡುವಂಥದ್ದು, ಬೂದಿ ಪಾತ್ರೆಯ ಜಿಡ್ಡು ತೆಗೆಯುವಂಥದ್ದು. ದೀಪದ ಕಂಬವನ್ನು ಹುಣಸೆಯಿಂದ ಉಜ್ಜುವುದೂ ಬಾಣಲೆಯನ್ನು ಬೂದಿಯಿಂದ ತಿಕ್ಕುವುದೂ ಒಂದೇ ಕೆಲಸವಲ್ಲ ಎಂದು ಮಕ್ಕಳೇ ಹೇಳಿದರು: ಹಿತ್ತಾಳೆಯ ಕಿಲುಬಿಗೆ ಆಮ್ಲ ಬೇಕು, ಎಣ್ಣೆಗೆ ಕ್ಷಾರ ಬೇಕು.

ಅರಿಶಿನಕ್ಕೆ ಒಂದು ಕೊರತೆಯಿದೆ. ಅದು ಪ್ರತ್ಯಾಮ್ಲವನ್ನು ತೋರಿಸುತ್ತದೆ, ಆದರೆ ಆಮ್ಲವನ್ನೂ, ಆಮ್ಲವೂ ಪ್ರತ್ಯಾಮ್ಲವೂ ಅಲ್ಲದ ತಟಸ್ಥ ದ್ರಾವಣವನ್ನೂ ಬೇರ್ಪಡಿಸುವುದಿಲ್ಲ, ಎರಡರಲ್ಲಿಯೂ ಅದು ಹಳದಿಯೇ. ಆದ್ದರಿಂದ ಮರುದಿನ ಮೂರು ಸಸ್ಯಗಳ ಸೂಚಕಗಳನ್ನು, ಅಂದರೆ ಬಣ್ಣ ಬದಲಿಸಿ ಆಮ್ಲ–ಪ್ರತ್ಯಾಮ್ಲಗಳನ್ನು ತೋರಿಸುವ ವಸ್ತುಗಳನ್ನು, ತರಿಸಿದೆ: ಕೆಂಪು ದಾಸವಾಳದ ದಳ, ಶಂಖಪುಷ್ಪ ಮತ್ತು ಒಣಗಿಸಿದ ಪುನರ್ಪುಳಿ ಸಿಪ್ಪೆ. ಇಲ್ಲಿ ನನ್ನ ಸಿದ್ಧತೆಯ ದೋಷದಿಂದ ಒಂದು ಎಡವಟ್ಟು ಸಂಭವಿಸಿತು, ಮತ್ತು ಇಡೀ ಪ್ರಕರಣದಲ್ಲಿ ಅದರಿಂದ ಸಿಕ್ಕಿದಷ್ಟು ಕಲಿಕೆ ಬೇರೆ ಕಡೆ ಸಿಗಲಿಲ್ಲ. ದಾಸವಾಳದ ಗುಂಪಿಗೆ ಸುಣ್ಣದ ತಿಳಿಯಲ್ಲಿ ಹಸಿರು ಬಂತು. ಶಂಖಪುಷ್ಪದ ನೀಲಿ ಲಿಂಬೆರಸದಲ್ಲಿ ನೇರಳೆಯಾಗಿ, ಸುಣ್ಣದಲ್ಲಿ ಹಸಿರಾಯಿತು. ಪುನರ್ಪುಳಿಯ ಗುಂಪು ಮಾತ್ರ ಸುಣ್ಣದ ತಿಳಿಯಲ್ಲಿಯೂ ಕೆಂಪನ್ನೇ ಕಂಡು, ದಾಖಲೆ ಪುಸ್ತಕದಲ್ಲಿ ‘ಸುಣ್ಣ ಆಮ್ಲ’ ಎಂದು ಬರೆದಿಟ್ಟಿತು.

ಅವರು ಕಂಡದ್ದನ್ನೇ ಬರೆದಿದ್ದರು. ಪುನರ್ಪುಳಿಯ ಕೆಂಪು ಬಣ್ಣ ಆಂಥೋಸಯನಿನ್‌ಗಳದ್ದು, ಅವು ಒಳ್ಳೆಯ ಸೂಚಕಗಳೇ. ಆದರೆ ಅದೇ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳವಾಗಿದೆ. ಶರಬತ್ತು ಮಾಡುವಂತೆ ಗಟ್ಟಿಯಾಗಿ ನೆನೆಸಿದ ನೀರನ್ನು ಅವರು ಅರ್ಧ ಪ್ರನಾಳದಷ್ಟು ಹಾಕಿದ್ದರು. ಸುಣ್ಣ ನೀರಿನಲ್ಲಿ ಕರಗುವುದೇ ಅಲ್ಪ, ಒಂದು ಲೀಟರಿಗೆ ಎರಡು ಗ್ರಾಮಿಗೂ ಕಡಿಮೆ. ಆ ಅಲ್ಪ ಸುಣ್ಣವನ್ನು ಸೂಚಕದ ಸ್ವಂತ ಆಮ್ಲವೇ ತಟಸ್ಥಗೊಳಿಸಿ, ಇನ್ನೂ ಮಿಕ್ಕಿತ್ತು. ಇದನ್ನು ನಾನು ತಕ್ಷಣ ಹೇಳಿಬಿಡಲಿಲ್ಲ. ಎರಡು ಗುಂಪುಗಳ ಫಲಿತಾಂಶ ಬೇರೆ ಬೇರೆಯಾಗಲು ಏನು ಕಾರಣವಿರಬಹುದು ಎಂದು ಕೇಳಿ ಕಾದೆ. ‘ಪುನರ್ಪುಳಿ ಹುಳಿಯಲ್ಲವೇ’ ಎಂದು ಒಬ್ಬಳು ನಿಧಾನವಾಗಿ ಹೇಳಲು ಏಳೆಂಟು ನಿಮಿಷಗಳು ಹಿಡಿದವು. ಅನಂತರ ಅವರೇ ಸುಣ್ಣದ ತಿಳಿಯನ್ನು ಹೆಚ್ಚಾಗಿ ತೆಗೆದುಕೊಂಡು, ಪುನರ್ಪುಳಿಯ ನೀರನ್ನು ಎರಡೇ ಹನಿ ಬಿಟ್ಟರು. ಕೆಂಪು ಉಳಿಯಲಿಲ್ಲ. ಸೂಚಕವನ್ನು ಕೆಲವೇ ಹನಿಗಳಷ್ಟು ಏಕೆ ಬಳಸಬೇಕು ಎಂಬುದನ್ನು ನಾನು ಹಿಂದೆ ನಿಯಮವಾಗಿ ಹೇಳುತ್ತಿದ್ದೆ. ಈಗ ಅದಕ್ಕೆ ತರಗತಿಯೇ ಕಂಡುಕೊಂಡ ಕಾರಣವಿತ್ತು. ತಟಸ್ಥೀಕರಣ ಎಂಬುದು ಪ್ರಮಾಣದ ಪ್ರಶ್ನೆ ಎಂಬುದೂ ಅಲ್ಲಿಯೇ ಅವರಿಗೆ ತಿಳಿಯಿತು.

ದ್ರಾವಣ ಎಷ್ಟು ಆಮ್ಲೀಯ ಅಥವಾ ಪ್ರತ್ಯಾಮ್ಲೀಯ ಎಂಬುದನ್ನು ಹೇಳುವ ಪಿಎಚ್ ಅಳತೆಯನ್ನು ನಾನು ಇದಾದ ಮೇಲೆಯೇ ತಂದೆ. ಡೆನ್ಮಾರ್ಕಿನ ಸೋರೆನ್‌ಸನ್ 1909ರಲ್ಲಿ ಒಂದು ಮದ್ಯ ತಯಾರಿಕಾ ಸಂಸ್ಥೆಯ ಪ್ರಯೋಗಾಲಯದಲ್ಲಿ ರೂಪಿಸಿದ ಈ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು ಎಂಬುದನ್ನು ಒಂದು ಅವಧಿಯಲ್ಲಿ ಮುಗಿಸಿದೆ.

ಮದ್ದು ಬಿಡುವ ಕಾಲ

ಜುಲೈ ಮೊದಲ ವಾರ ಮಳೆಗಾಗಿ ಎರಡು ದಿನ ರಜೆ ಘೋಷಣೆಯಾಯಿತು. ಮಳೆ ಬಿಡುವು ಕೊಟ್ಟ ಮರುದಿನ ಕೆಲವು ಮಕ್ಕಳು ತರಗತಿಗೆ ಬರಲಿಲ್ಲ, ತೋಟದಲ್ಲಿ ಮದ್ದು ಬಿಡುವ ಕೆಲಸಕ್ಕೆ ಕೈಜೋಡಿಸಿದ್ದರು. ಅಡಿಕೆಯ ಕೊಳೆರೋಗಕ್ಕೆ ಇಲ್ಲಿ ಸಿಂಪಡಿಸುವ ಮದ್ದು ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ಶೇಕಡ ಒಂದರ ದ್ರಾವಣದ ಲೆಕ್ಕ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ರೂಪಿಸಿದ ಈ ಮಿಶ್ರಣ ನಮ್ಮ ಮಕ್ಕಳಿಗೆ ಮನೆಯ ಮಾತು. ಮೆಣಸನ್ನು ಕ್ಷಾರವೆಂದು ಬರೆದ ಅದೇ ಹುಡುಗಿ ಆ ದಿನ ಬಾರದಿದ್ದವರಲ್ಲಿ ಒಬ್ಬಳು. ಮರುದಿನ ಬಂದವಳು ವಿವರಿಸಿದ ಕ್ರಮವನ್ನು ನಾನು ಬರೆದುಕೊಂಡೆ: ತುತ್ತನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು, ಕೊನೆಗೆ ಉಜ್ಜಿ ಶುಚಿಗೊಳಿಸಿದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಅಲಗು ಕೆಂಪೇರಿದರೆ ಮದ್ದಿನಲ್ಲಿ ‘ಹುಳಿ ಉಂಟು’, ಇನ್ನಷ್ಟು ಸುಣ್ಣ ಬೇಕು.

ಮನೆಯ ಕ್ಷಾರವನ್ನು ಹೆಸರಿಸಲಾಗದೆ ಎರಡು ಅಂಕ ಕಳೆದುಕೊಂಡ ವಿದ್ಯಾರ್ಥಿನಿ ನೂರು ಲೀಟರ್ ಮಿಶ್ರಣವನ್ನು ಸುಣ್ಣ ಹಾಕಿ ಹದಕ್ಕೆ ತರುವುದನ್ನು ಬಲ್ಲವಳಾಗಿದ್ದಳು. ಇದನ್ನು ಕೇಳಿ ನನಗೆ ಸಂತೋಷಕ್ಕಿಂತ ನೋವು ಹೆಚ್ಚಾಯಿತು. ನನ್ನ ಪ್ರಶ್ನೆಪತ್ರಿಕೆಗೆ ಆ ತಿಳಿವಳಿಕೆಯನ್ನು ತಲುಪುವ ದಾರಿಯೇ ಇರಲಿಲ್ಲ.

ಆ ದಿನದ ಅವಧಿಯಲ್ಲಿ ಅವಳೇ ಮುಂದೆ ನಿಂತು ಬೀಕರಿನಲ್ಲಿ ಮದ್ದು ತಯಾರಿಸಿದಳು. ತುತ್ತಿನ ದ್ರಾವಣದಲ್ಲಿ ನೀಲಿ ಲಿಟ್ಮಸ್ ಕೆಂಪಾಯಿತು. ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಬೀಕರಿನಲ್ಲಿ ಅದ್ದಿದ ಅಲಗಿಗೆ ಕೆಂಪು ಲೇಪ ಹತ್ತಿತು. ಸುಣ್ಣ ಸಾಕಷ್ಟಿದ್ದ ಬೀಕರಿನಲ್ಲಿ ಅಲಗು ಹಾಗೆಯೇ ಉಳಿಯಿತು. ‘ಹಾಗಾದರೆ ಕತ್ತಿ ಲಿಟ್ಮಸ್‌ನ ಹಾಗೆ’ ಎಂದು ಹಲವರು ತೀರ್ಮಾನಿಸಿದರು. ನಾನೂ ಒಪ್ಪಿ ಮುಂದೆ ಹೋಗುತ್ತಿದ್ದೆನೇನೋ. ಅವಳು ಮಾತ್ರ, ಕತ್ತಿ ನಿಜವಾಗಿ ಹುಳಿಯನ್ನು ತೋರಿಸುವುದಾದರೆ ಲಿಂಬೆರಸದಲ್ಲಿಯೂ ಕೆಂಪಾಗಬೇಕು ಎಂದಳು. ಅದ್ದಿ ನೋಡಿದೆವು. ಆಗಲಿಲ್ಲ.

ಕತ್ತಿ ಪರೀಕ್ಷಿಸುವುದು ಆಮ್ಲವನ್ನಲ್ಲ, ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವನ್ನು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದುದರಿಂದ ತಾನು ಕರಗಿ ತಾಮ್ರವನ್ನು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ನೀಲಿ ಹೆಪ್ಪಾಗಿ ಒತ್ತರಿಸಿ ನಿಲ್ಲುವುದರಿಂದ ಅಲಗಿಗೆ ಏನೂ ಸಿಗುವುದಿಲ್ಲ. ಎಳೆಯ ಕಾಯಿಯನ್ನೂ ಹಿಂಗಾರವನ್ನೂ ಸುಡುವುದು ಆ ಬಿಡಿ ತಾಮ್ರವೇ. ಇದನ್ನು ಖಚಿತಪಡಿಸಿಕೊಳ್ಳಲು ಸರಿಯಾಗಿ ತಯಾರಾದ ಮದ್ದಿಗೆ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸುತ್ತಾ ಹೋದೆವು. ಹೆಪ್ಪಿನ ನೀಲಿ ಕರಗಿತು, ಆಗ ಅದ್ದಿದ ಅಲಗು ಮತ್ತೆ ಕೆಂಪಾಯಿತು. ‘ಹುಳಿ ಉಂಟು’ ಎಂಬ ತೋಟದ ಮಾತು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಆಮ್ಲೀಯತೆ ಉಳಿದಿದ್ದರೆ ತಾಮ್ರ ಕರಗಿದ ಸ್ಥಿತಿಯಲ್ಲಿ ಉಳಿಯುತ್ತದೆ, ಕತ್ತಿ ಆ ತಾಮ್ರದ ಮೂಲಕ ಅದನ್ನು ಹೇಳುತ್ತದೆ. ಒಂದು ಪರೀಕ್ಷೆ ನೇರವಾಗಿ ಏನನ್ನು ಅಳೆಯುತ್ತದೆ, ನಾವು ಅದರಿಂದ ಏನನ್ನು ಊಹಿಸುತ್ತೇವೆ ಎಂಬ ಅಂತರವನ್ನು ನಾನು ಇದಕ್ಕಿಂತ ಚೆನ್ನಾಗಿ ಎಂದೂ ಕಲಿಸಿರಲಿಲ್ಲ, ಮತ್ತು ಈ ಸಲ ಕಲಿಸಿದ್ದು ನಾನಲ್ಲ.

ಸುಣ್ಣದ ಕೆಲಸ ನಡೆದ ಆ ದಿನಗಳಲ್ಲಿಯೇ ಇನ್ನೊಂದು ವಿಷಯ ಹೊರಬಂತು. ಕಣ್ಣಿಗೆ ಸುಣ್ಣ ಸಿಡಿದರೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ, ಪಾಠವನ್ನು ಚೆನ್ನಾಗಿ ಕಲಿತ ಹುಡುಗನೊಬ್ಬ, ಲಿಂಬೆರಸ ಬಿಟ್ಟು ತಟಸ್ಥಗೊಳಿಸಬೇಕು ಎಂದನು. ಕಾಗದದ ಮೇಲೆ ಸರಿಯೆನಿಸುವ ಈ ಉತ್ತರ ಕಣ್ಣನ್ನೇ ಕಳೆಯಬಲ್ಲದು. ತಟಸ್ಥೀಕರಣದಲ್ಲಿ ಉಷ್ಣ ಬಿಡುಗಡೆಯಾಗುತ್ತದೆ, ಆಮ್ಲ ತನ್ನದೇ ಗಾಯವನ್ನು ಮಾಡುತ್ತದೆ, ಮತ್ತು ಹಾಕಬೇಕಾದ ಅಳತೆ ಯಾರಿಗೂ ತಿಳಿದಿರುವುದಿಲ್ಲ. ಕೂಡಲೇ ಸುಣ್ಣದ ತುಣುಕುಗಳನ್ನು ತೊಳೆದು ತೆಗೆದು, ಶುದ್ಧ ನೀರನ್ನು ನಿಲ್ಲಿಸದೆ ಬಹಳ ಹೊತ್ತು ಹರಿಸುತ್ತಾ ವೈದ್ಯರಲ್ಲಿಗೆ ಹೋಗುವುದೊಂದೇ ದಾರಿ ಎಂಬುದನ್ನು ಪ್ರತಿಯೊಬ್ಬರಿಂದಲೂ ಬರೆಸಿ, ಮನೆಯವರಿಗೆ ಓದಿ ಹೇಳಲು ಕಳಿಸಿದೆ. ತಟಸ್ಥೀಕರಣದ ಸಮೀಕರಣವನ್ನು ಕಲಿಸುವ ದಿನವೇ ಇದನ್ನು ಹೇಳಬೇಕಿತ್ತು. ಇನ್ನು ಮುಂದೆ ಅದೇ ದಿನ ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ

ಮಧ್ಯಾವಧಿ ಪರೀಕ್ಷೆಯಲ್ಲಿ ಅದೇ ಎರಡು ಅಂಕದ ಪ್ರಶ್ನೆಯನ್ನು ಪದವನ್ನೂ ಬದಲಿಸದೆ ಮತ್ತೆ ಕೇಳಿದೆ. ಸುಣ್ಣ, ಬೂದಿ ನೀರು, ಸಾಬೂನು ನೀರು, ಸೋಡಾ ಎಂಬ ಉತ್ತರಗಳು ಬಂದವು. ಹಾಗಲಕಾಯಿ ಬರೆದವರು ಯಾರೂ ಇರಲಿಲ್ಲ. ಇಬ್ಬರು ಮಾತ್ರ ಮತ್ತೆ ಮೆಣಸನ್ನು ಬರೆದಿದ್ದರು. ಅವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದೆ. ಒಬ್ಬನು ಜೂನ್ ತಿಂಗಳ ಟಿಪ್ಪಣಿಯನ್ನೇ ಓದಿಕೊಂಡು ಬಂದಿದ್ದನು, ಅದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಇನ್ನೊಬ್ಬಳ ಕಾರಣ ಬೇರೆಯಾಗಿತ್ತು. ಕ್ಷಾರ, ಖಾರ ಎಂಬ ಪದಗಳ ನಂಟನ್ನು ಅವಳು ಸ್ಪಷ್ಟವಾಗಿ ಹೇಳಿದಳು, ಲಿಟ್ಮಸ್ ನೀಲಿಯಾಗದಿದ್ದುದನ್ನೂ ನೆನಪಿಸಿಕೊಂಡಳು. ಅಷ್ಟಾದರೂ, ಅಜ್ಜಿ ವೀಳ್ಯಕ್ಕೆ ಸುಣ್ಣ ಹೆಚ್ಚು ಸವರಿದ ದಿನ ಬಾಯಿ ಸುಟ್ಟಿತೆನ್ನುತ್ತಾರೆ, ಮೆಣಸು ಹೆಚ್ಚಾದಾಗಲೂ ಬಾಯಿ ಸುಟ್ಟಿತೆನ್ನುತ್ತಾರೆ, ಸುಡುವುದು ಒಂದೇ ಬಗೆಯಾದರೆ ಸುಡುವ ವಸ್ತುಗಳೂ ಒಂದೇ ಬಗೆಯವಾಗಿರಬೇಕಲ್ಲ ಎಂದಳು.

ಸುಣ್ಣ ನಿಜವಾಗಿಯೂ ಬಾಯಿಯ ಒಳಪದರವನ್ನು ಸುಡುತ್ತದೆ, ಮೆಣಸು ಸುಡದೆಯೇ ಸುಟ್ಟ ಅನುಭವವನ್ನು ಕೊಡುತ್ತದೆ ಎಂದು ನಾನು ಉತ್ತರಿಸಿದೆ. ಅವಳು ತಲೆಯಾಡಿಸಿದಳು, ಒಪ್ಪಿದಂತೆ ಕಾಣಲಿಲ್ಲ. ಆ ವ್ಯತ್ಯಾಸವನ್ನು ಅವಳ ಕಣ್ಣಿಗೆ ಕಾಣುವಂತೆ ತೋರಿಸುವ ಪ್ರಯೋಗವೊಂದು ನನ್ನ ಬಳಿ ಇರಲಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಭಾಗದ ಎರಡು ತುಂಡುಗಳಲ್ಲಿ ಒಂದನ್ನು ಸುಣ್ಣದ ಹಿಟ್ಟಿನಲ್ಲಿ, ಇನ್ನೊಂದನ್ನು ಅರೆದ ಮೆಣಸಿನಲ್ಲಿ ಕೆಲವು ದಿನ ಹೂತಿಟ್ಟು ಹೋಲಿಸಬಹುದೇ ಎಂದು ಈಗ ಮನೆಯಲ್ಲಿ ಪರೀಕ್ಷಿಸುತ್ತಿದ್ದೇನೆ. ಫಲಿತಾಂಶ ಸ್ಪಷ್ಟವಾಗಿ ಬಂದರೆ, ಮೊದಲು ಅದನ್ನು ಅವಳಿಗೆ ತೋರಿಸುತ್ತೇನೆ.